ಮಂಡಕಳ್ಳಿಗೆ ಯಾವುದು ಮೊದಲು: ರನ್‌ವೇ ಉದ್ದವೋ, ಟ್ಯಾಕ್ಸಿವೇಯೋ, ನಿಲುಗಡೆ ಬೇಗಳೋ?

ಮಂಡಕಳ್ಳಿಯಲ್ಲಿರುವ ಮೈಸೂರು ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ಬೇಡಿಕೆ ಒಂದೇ: ರನ್‌ವೇ ಉದ್ದ ಮಾಡಿ. ಬೇಡಿಕೆ ತಪ್ಪಲ್ಲ. ಆದರೆ ಅದರೊಳಗೆ ಎರಡು ಬೇರೆ ಬೇರೆ ಆಸೆಗಳು ಸೇರಿಹೋಗಿವೆ. ದೊಡ್ಡ ಜೆಟ್ ವಿಮಾನ ಇಲ್ಲಿ ಇಳಿಯಬೇಕು ಎನ್ನುವುದು ಒಂದು. ಗಂಟೆಗೆ ಇನ್ನಷ್ಟು ವಿಮಾನಗಳು ಬಂದುಹೋಗಬೇಕು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉದ್ದ ಬೇಕೇ ಬೇಕು. ಎರಡನೆಯದಕ್ಕೆ ಬೇಕಾದದ್ದು ಬೇರೆ. ರನ್‌ವೇ ಪಕ್ಕದಲ್ಲೇ ಸಾಗುವ ಸಮಾಂತರ ಟ್ಯಾಕ್ಸಿವೇ (ವಿಮಾನ ನೆಲದ ಮೇಲೆ ಉರುಳಿಕೊಂಡು ಹೋಗುವ ದಾರಿ) ಇಲ್ಲದೆ ಬರೀ ಉದ್ದ ಮಾಡಿದರೆ ಗಂಟೆಯ ಲೆಕ್ಕ ಈಗಿರುವುದಕ್ಕಿಂತ ಕೆಳಗಿಳಿಯುತ್ತದೆ.

ಮೈಸೂರು, ಮಂಡ್ಯ, ಚಾಮರಾಜನಗರ ಕಡೆಯಿಂದ ಮನವಿ ಬರೆಯುವ ಸಂಘಸಂಸ್ಥೆಗಳು, ಯೋಜನಾ ವರದಿ ಓದಬೇಕಾದ ಜನಪ್ರತಿನಿಧಿಗಳು ಮತ್ತು ವರದಿಗಾರರಿಗಾಗಿ ಈ ಹೋಲಿಕೆ. ಕೆಳಗೆ ಬರುವ ಗಂಟೆಯ ಲೆಕ್ಕಗಳು ಯಾರಾದರೂ ಕಾಗದದ ಮೇಲೆ ಹಾಕಿ ನೋಡಬಹುದಾದ ಅಂದಾಜುಗಳು, ಇಲಾಖೆಯ ಘೋಷಿತ ಅಂಕಿಗಳಲ್ಲ.

ಈಗ ಏನಿದೆ

ಮಂಡಕಳ್ಳಿಯ ರನ್‌ವೇ 09/27, ಅಂದರೆ ಪೂರ್ವ-ಪಶ್ಚಿಮ. ಉದ್ದ 1,740 ಮೀಟರ್, ಅಗಲ 30 ಮೀಟರ್. ಸಮುದ್ರಮಟ್ಟದಿಂದ ಎತ್ತರ ಸುಮಾರು 730 ಮೀಟರ್. 2010ರಲ್ಲಿ ಈ ರೂಪದಲ್ಲಿ ಉದ್ಘಾಟನೆಯಾದಾಗ ಏಪ್ರನ್‌ನಲ್ಲಿ (ವಿಮಾನ ನಿಲ್ಲುವ ಅಂಗಳ) ಎಟಿಆರ್ 72ರಂಥ ಸಣ್ಣ ಪ್ರೊಪೆಲರ್ ವಿಮಾನಗಳಿಗೆ ಮೂರು ನಿಲುಗಡೆ ಬೇ, ಏಪ್ರನ್ನಿನಿಂದ ರನ್‌ವೇಗೆ ಒಂದೇ ಟ್ಯಾಕ್ಸಿವೇ, 3,250 ಚದರ ಮೀಟರಿನ ಟರ್ಮಿನಲ್, ಅದರಲ್ಲಿ ಆರು ಚೆಕ್-ಇನ್ ಕೌಂಟರ್ ಮತ್ತು ಒಂದು ಲಗೇಜ್ ಬೆಲ್ಟ್. ಟರ್ಮಿನಲ್ಲಿನ ದಟ್ಟಣೆಯ ಗಂಟೆಯ ಲೆಕ್ಕ 200 ಪ್ರಯಾಣಿಕರು: ಬರುವವರು 100, ಹೋಗುವವರು 100.

ಈ ಕೊನೆಯ ಅಂಕಿಯನ್ನು ಮನವಿಗಳಲ್ಲಿ ಯಾರೂ ಎತ್ತುವುದಿಲ್ಲ. ಅಲ್ಲಿಂದಲೇ ಶುರು ಮಾಡಬೇಕು.

ಮೂರು ಬಾಗಿಲು, ಮೂರು ಅಳತೆ

ಎಟಿಆರ್ 72ರಲ್ಲಿ ಸೀಟು 70ರಿಂದ 78. ಒಂದು ವಿಮಾನ ತುಂಬಿ ಬಂದು, ತುಂಬಿ ಹೊರಟರೆ 140ರಿಂದ 156 ಜನ. 200ರ ಲೆಕ್ಕದಲ್ಲಿ ಮುಕ್ಕಾಲು ಪಾಲು ಅಲ್ಲೇ ಮುಗಿಯಿತು. ಅದೇ ಗಂಟೆಯಲ್ಲಿ ಇನ್ನೊಂದು ಎಟಿಆರ್ ತುಂಬಿ ಬಂದರೆ ಭದ್ರತಾ ತಪಾಸಣೆಯ ಸಾಲು ಚೆಕ್-ಇನ್ ಕೌಂಟರ್‌ವರೆಗೆ ಬರುತ್ತದೆ, ಬೆಲ್ಟ್ ಮುಂದೆ ಕಾಲಿಡಲು ಜಾಗವಿರುವುದಿಲ್ಲ. 180 ಸೀಟಿನ ಜೆಟ್ ವಿಮಾನ ಎ320 ಒಂದೇ ಒಂದು ಬಂದರೂ ಇದೇ ಗತಿ. ಹಾಗಾಗಿ ಟರ್ಮಿನಲ್ ಆರಾಮವಾಗಿ ತಾಳುವುದು ಗಂಟೆಗೆ ಒಂದು ಬಂದು ಒಂದು ಹೋಗುವುದನ್ನು. ಸೀಟು ಅರೆಬರೆ ತುಂಬಿದ ದಿನ ಎರಡನ್ನು.

ಇನ್ನು ಬೇ. ಎಟಿಆರ್ ಬಂದು ನಿಂತು, ಜನ ಇಳಿದು, ಇಂಧನ ತುಂಬಿಸಿ, ಜನ ಹತ್ತಿ ಹೊರಡಲು ಅರ್ಧ ಗಂಟೆ. ಒಳಗೆ ಬರುವ, ಹೊರಗೆ ಹೋಗುವ ಹೊತ್ತು, ಸ್ವಲ್ಪ ವಿಳಂಬದ ಅವಕಾಶ ಸೇರಿಸಿದರೆ ಒಂದು ಬೇ 45 ನಿಮಿಷ ಹಿಡಿದಿರುತ್ತದೆ. ಮೂರು ಬೇಗಳಿಂದ ಗಂಟೆಗೆ ನಾಲ್ಕು ವಿಮಾನ, ಅಂದರೆ ಇಳಿಯುವುದು-ಏರುವುದು ಸೇರಿ ಎಂಟು ಚಲನೆ. ಒಂದು ವಿಮಾನ ಕೆಟ್ಟು ನಿಂತರೆ ಅಥವಾ ಆಚೆ ತುದಿಯಿಂದ ಹೊರಡಲು ಅನುಮತಿ ಸಿಗದೆ ಉಳಿದರೆ ಎಂಟು ಐದಕ್ಕೆ ಬರುತ್ತದೆ.

ಆಚೆ ತುದಿಯ ತೊಂದರೆ ಚಿಕ್ಕದಲ್ಲ. ದೊಡ್ಡ ನಿಲ್ದಾಣದಲ್ಲಿ ಆಕಾಶ ತುಂಬಿದಾಗ ಅಲ್ಲಿಗೆ ಹೋಗುವ ವಿಮಾನಗಳನ್ನು ಹೊರಡುವ ಊರಲ್ಲೇ ತಡೆದು, ಲೆಕ್ಕ ಹಾಕಿದ ಹೊರಡುವ ಸಮಯ ಕೊಡುವ ವ್ಯವಸ್ಥೆ ನಮ್ಮ ದೇಶದಲ್ಲಿದೆ. ಮುಂಬೈಯಲ್ಲೋ ಚೆನ್ನೈಯಲ್ಲೋ ಮಳೆ ಹೊಯ್ದರೆ ಮಂಡಕಳ್ಳಿಯ ಬೇಯಲ್ಲಿ ಎಟಿಆರ್ ಇಂಜಿನ್ ಆರಿಸಿಕೊಂಡು ಕೂರುತ್ತದೆ. ಇಲ್ಲಿನ ರನ್‌ವೇ ಖಾಲಿ, ಬೇ ಭರ್ತಿ. ಮುಂದೆ ಬರುವ ವಿಮಾನಕ್ಕೆ ನಿಲ್ಲಲು ಜಾಗವಿಲ್ಲದೆ ಅದು ಆಕಾಶದಲ್ಲಿ ಸುತ್ತಬೇಕು, ಇಲ್ಲವೇ ಬೆಂಗಳೂರಿಗೆ ತಿರುಗಬೇಕು.

ಮೂರನೆಯದು ರನ್‌ವೇ. ಸಮಾಂತರ ಟ್ಯಾಕ್ಸಿವೇ ಇಲ್ಲದ ಕಡೆ ಹೊರಡುವ ವಿಮಾನ ರನ್‌ವೇ ಮೇಲೇ ತುದಿಯವರೆಗೆ ಹೋಗಿ, ತಿರುಗಿ, ಅಲ್ಲಿಂದ ಓಡಬೇಕು. ಇದಕ್ಕೆ ಬ್ಯಾಕ್‌ಟ್ರ್ಯಾಕ್ ಎನ್ನುತ್ತಾರೆ. ಟ್ಯಾಕ್ಸಿವೇ ಕೂಡುವ ಜಾಗದಿಂದ ತುದಿ 1,000 ಮೀಟರ್ ಎಂದಿಟ್ಟುಕೊಳ್ಳಿ. 15 ನಾಟ್ ಎಂದರೆ ಸೆಕೆಂಡಿಗೆ 7.7 ಮೀಟರ್, ಹೋಗಲು 130 ಸೆಕೆಂಡ್. ಪೂರ್ತಿ ತಿರುಗಲು 45 ಸೆಕೆಂಡ್. ಸಾಲಿಗೆ ಬಂದು ಓಡಿ ನೆಲ ಬಿಡಲು ಇನ್ನೊಂದು ನಿಮಿಷ. ಒಟ್ಟು ನಾಲ್ಕು ನಿಮಿಷ ರನ್‌ವೇ ಒಬ್ಬರದೇ ಸ್ವತ್ತು. ಇಳಿಯುವ ವಿಮಾನಕ್ಕೂ ನಿಂತು, ತಿರುಗಿ, ವಾಪಸ್ ಬರಲು ಮೂರ್ನಾಲ್ಕು ನಿಮಿಷ. ಒಂದು ಇಳಿದು ಒಂದು ಏರಲು ಎಂಟು ನಿಮಿಷ ಹಿಡಿದರೆ ಗಂಟೆಗೆ 15 ಚಲನೆ. ಅಷ್ಟು ಹೊತ್ತೂ ಮುಂದಿನದು ದೂರದಲ್ಲೇ ಇರಬೇಕಾದ್ದರಿಂದ, ಹತ್ತಿರದ ಆಕಾಶವನ್ನು ತೋರಿಸುವ ರೇಡಾರ್ ಇಲ್ಲದ ಕಡೆ ಇದು ಹತ್ತು-ಹನ್ನೆರಡಕ್ಕೆ ಇಳಿಯುತ್ತದೆ.

ಟರ್ಮಿನಲ್ ಎರಡರಿಂದ ನಾಲ್ಕು, ಬೇ ಎಂಟು, ರನ್‌ವೇ ಹತ್ತು-ಹನ್ನೆರಡು. ಮಂಡ್ಯದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳು ಸಾಲುಗಟ್ಟಿದಾಗ ತಡೆಯುವುದು ತೂಕದ ಕಾಟಾ ಆದರೆ, ಗೇಟು ಅಗಲ ಮಾಡಿ ಏನು ಪ್ರಯೋಜನ? ಅತಿ ಕಿರಿದಾದ ಬಾಗಿಲು ಯಾವುದೆಂದು ಮೊದಲು ಕಂಡುಕೊಳ್ಳಬೇಕು. ಮಂಡಕಳ್ಳಿಯಲ್ಲಿ ಅದು ರನ್‌ವೇ ಅಲ್ಲ.

ಆಯ್ಕೆ ಒಂದು: ಟರ್ಮಿನಲ್ ಮತ್ತು ಬೇ

ಎಟಿಆರ್ ಸೇವೆಗಳನ್ನೇ ಹೆಚ್ಚಿಸಿಕೊಳ್ಳುವುದಾದರೆ ಇದೇ ಮೊದಲ ಆಯ್ಕೆ. ಹೆದ್ದಾರಿ, ರೈಲು ಮಾರ್ಗ ಮುಟ್ಟುವ ಪ್ರಮೇಯವಿಲ್ಲ. ಇನ್ನೆರಡು ಬೇ, ಇನ್ನೊಂದು ತಪಾಸಣಾ ಸಾಲು, ಎರಡನೆಯ ಲಗೇಜ್ ಬೆಲ್ಟ್ ಬಂದರೆ ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲಿ ಎರಡು-ಮೂರು ಊರಿನ ವಿಮಾನಗಳನ್ನು ಒಟ್ಟಿಗೆ ಇಟ್ಟುಕೊಳ್ಳಬಹುದು.

ಬೇ ಕೇಳುವಾಗ ಅಳತೆ ಹೇಳಿ ಕೇಳಿ. ಎಟಿಆರ್ 72ರ ರೆಕ್ಕೆಯ ಹರವು 27 ಮೀಟರ್, ಎ320ರದು 34ರಿಂದ 36 ಮೀಟರ್. ಎಟಿಆರ್‌ಗೆಂದೇ ಬಿಗಿಯಾಗಿ ಗೆರೆ ಎಳೆದ ಬೇಗಳು ಜೆಟ್ ಬಂದ ದಿನ ಮತ್ತೆ ಅಗೆತಕ್ಕೆ ಬರುತ್ತವೆ. ನೆಲದ ಬಲವೂ ಅಷ್ಟೇ: ಎಟಿಆರ್‌ನ ಗರಿಷ್ಠ ತೂಕ 23 ಟನ್ನಿನ ಹತ್ತಿರ, ಎ320ರದು 78 ಟನ್ನಿನ ಹತ್ತಿರ. ಮೊದಲ ಹಂತದಲ್ಲೇ ಎ320ರ ತೂಕಕ್ಕೆ ಕಾಂಕ್ರೀಟ್ ಹಾಕಿಸಿ, ಗೆರೆಗಳನ್ನು ಸದ್ಯಕ್ಕೆ ಎಟಿಆರ್‌ಗೆ ಎಳೆಸುವುದು ಜಾಣತನ. ಬಣ್ಣ ಅಳಿಸಿ ಬಳಿಯುವುದು ಒಂದು ರಾತ್ರಿಯ ಕೆಲಸ, ಕಾಂಕ್ರೀಟ್ ಒಡೆದು ಹಾಕುವುದು ತಿಂಗಳುಗಟ್ಟಲೆಯದು.

ಆಯ್ಕೆ ಎರಡು: ಸಮಾಂತರ ಟ್ಯಾಕ್ಸಿವೇ

ಹೆಚ್ಚು ಚಲನೆ ಬೇಕೆಂದರೆ ರನ್‌ವೇಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಇದು. ಬ್ಯಾಕ್‌ಟ್ರ್ಯಾಕ್ ತಪ್ಪಿದರೆ ಇಳಿದ ವಿಮಾನ ಒಂದು ನಿಮಿಷದ ಆಸುಪಾಸಿನಲ್ಲಿ ರನ್‌ವೇ ಬಿಡುತ್ತದೆ, ಹೊರಡುವುದು ತುದಿಯಲ್ಲೇ ಕಾದಿದ್ದು ಒಂದು ನಿಮಿಷದಲ್ಲಿ ಓಡುತ್ತದೆ. ರೇಡಾರ್ ನೆರವಿದ್ದರೆ ಅದೇ ರನ್‌ವೇ ಗಂಟೆಗೆ 25ರಿಂದ 30 ಚಲನೆ ತಾಳುತ್ತದೆ. ಲಂಡನ್ನಿನ ಗ್ಯಾಟ್‌ವಿಕ್ ಒಂದು ಹೊತ್ತಿಗೆ ಒಂದೇ ರನ್‌ವೇ ಬಳಸಿ ಗಂಟೆಗೆ 55 ಚಲನೆ ನಡೆಸಿದೆ. ಮುಂಬೈಯ ಎರಡು ರನ್‌ವೇಗಳು ಒಂದನ್ನೊಂದು ಅಡ್ಡಹಾಯುವುದರಿಂದ ಅಲ್ಲೂ ಒಂದು ಹೊತ್ತಿಗೆ ಒಂದೇ. ಆದರೂ 2018ರ ಡಿಸೆಂಬರ್ 8ರಂದು ಒಂದೇ ದಿನ 1,007 ವಿಮಾನಗಳು ಬಂದುಹೋದವು. ಅದರ ಗುಟ್ಟು ರನ್‌ವೇ ಉದ್ದದಲ್ಲಿಲ್ಲ, ರನ್‌ವೇಯಿಂದ ಬೇಗ ಹೊರಬೀಳುವ ದಾರಿಗಳಲ್ಲಿದೆ.

ಸುಮಾರು 30 ಡಿಗ್ರಿ ಓರೆಯಲ್ಲಿ ವೇಗವಾಗಿ ಹೊರಬೀಳುವ ಟ್ಯಾಕ್ಸಿವೇಗಳನ್ನು ಮೈಸೂರಿಗೂ ಕೇಳುವವರಿದ್ದಾರೆ. ಗಂಟೆಗೆ 25-30 ಚಲನೆ ದಾಟುವವರೆಗೆ ಅವು ದಂಡ. ನೇರ ಕೋನದ ಎರಡು ಹೊರದಾರಿ ಸರಿಯಾದ ಜಾಗದಲ್ಲಿದ್ದರೆ ಸಾಕು.

ಪೂರ್ತಿ ಉದ್ದಕ್ಕೆ ಹಣವಿಲ್ಲದಿದ್ದರೆ ಅರ್ಧ ಸಮಾಂತರ ಟ್ಯಾಕ್ಸಿವೇ ಕೇಳಬಹುದು. ಆಗ ಯಾವ ತುದಿಗೆ ಎನ್ನುವುದು ಮುಖ್ಯ. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ, ಎದುರಾಗಿ ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈಸೂರಿಗೆ ಬೀಸುವುದು ಪಶ್ಚಿಮದ ಗಾಳಿ. ಹೊರಡುವ ವಿಮಾನ ಪೂರ್ವದ ತುದಿಗೆ ಹೋಗಿ ಪಶ್ಚಿಮಕ್ಕೆ ಓಡಬೇಕು. ಏಪ್ರನ್ನಿನಿಂದ ಪೂರ್ವದ ತುದಿಯವರೆಗೆ ಟ್ಯಾಕ್ಸಿವೇ ಬಂದರೆ ಮಳೆಗಾಲದ ಹೊರಡುವಿಕೆಗಳಿಗೆಲ್ಲ ಬ್ಯಾಕ್‌ಟ್ರ್ಯಾಕ್ ತಪ್ಪುತ್ತದೆ. ನಿಖರ ತೀರ್ಮಾನಕ್ಕೆ ಹವಾಮಾನ ಇಲಾಖೆಯ ಗಾಳಿಯ ದಾಖಲೆಯನ್ನು ವಿಮಾನಗಳ ವೇಳಾಪಟ್ಟಿಯ ಗಂಟೆಗಳಿಗೆ ಹೊಂದಿಸಿ ನೋಡಬೇಕು. ಇಡೀ ದಿನದ ಸರಾಸರಿ ಮೋಸ ಮಾಡುತ್ತದೆ.

ಇಲ್ಲಿ ಕೆಡುವುದು ಅಂತರದಲ್ಲಿ. ಉಪಕರಣ ನೆರವಿನ ಇಳಿತವಿರುವ ರನ್‌ವೇಯ ಮಧ್ಯಗೆರೆಗೂ ಎ320, ಎಟಿಆರ್ ವರ್ಗದ ಟ್ಯಾಕ್ಸಿವೇಯ ಮಧ್ಯಗೆರೆಗೂ 158 ಮೀಟರ್ ಇರಬೇಕೆಂದು ಅಂತರರಾಷ್ಟ್ರೀಯ ನಿಯಮ. ಜಾಗ ಸಾಲದೆಂದು ಹತ್ತಿರ ಹಾಕಿದರೆ, ಒಂದು ವಿಮಾನ ಇಳಿಯುವಾಗ ಇನ್ನೊಂದು ಆ ಟ್ಯಾಕ್ಸಿವೇ ಮೇಲೆ ಚಲಿಸುವಂತಿಲ್ಲ ಎಂಬ ನಿರ್ಬಂಧ ಬರುತ್ತದೆ. ಹಣ ಹೋಯಿತು, ಲಾಭ ಬರಲಿಲ್ಲ. ನಕ್ಷೆ ಕೈಗೆ ಬಂದಾಗ ಮೊದಲು ಅಳೆಯಬೇಕಾದ ಗೆರೆ ಇದೇ.

ಆಯ್ಕೆ ಮೂರು: ಉದ್ದ

1,740ರಿಂದ 2,750 ಮೀಟರಿಗೆ ಎನ್ನುವುದು ಬಹುಕಾಲದ ಪ್ರಸ್ತಾಪ. ಜೆಟ್ ಬೇಕೆಂದರೆ ಇದಕ್ಕೆ ಬದಲಿ ಇಲ್ಲ. ಏಕೆಂದರೆ ನಮ್ಮ ಊರು ಎತ್ತರದಲ್ಲಿದೆ, ಬೇಸಿಗೆಯಲ್ಲಿ ಬಿಸಿ. ಗಾಳಿ ತೆಳುವಾದಷ್ಟೂ ವಿಮಾನ ಹೆಚ್ಚು ದೂರ ಓಡಬೇಕು. ಪ್ರಾಥಮಿಕ ಲೆಕ್ಕದ ಸೂತ್ರ ಹೀಗಿದೆ: ಸಮುದ್ರಮಟ್ಟದಲ್ಲಿ ಬೇಕಾದ ಉದ್ದಕ್ಕೆ ಪ್ರತಿ 300 ಮೀಟರ್ ಎತ್ತರಕ್ಕೆ ಶೇ 7, ಆ ಎತ್ತರದ ಪ್ರಮಾಣಿತ ಉಷ್ಣಾಂಶಕ್ಕಿಂತ ಹೆಚ್ಚಿರುವ ಪ್ರತಿ ಡಿಗ್ರಿಗೆ ಶೇ 1 ಸೇರಿಸಬೇಕು. ಪೂರ್ಣ ತೂಕದ ಜೆಟ್‌ಗೆ ಸಮುದ್ರಮಟ್ಟದಲ್ಲಿ 2,100 ಮೀಟರ್ ಬೇಕೆಂದು ಹಿಡಿಯಿರಿ. 730 ಮೀಟರ್ ಎತ್ತರಕ್ಕೆ ಶೇ 17 ಸೇರಿ 2,460. ಆ ಎತ್ತರದ ಪ್ರಮಾಣಿತ ಉಷ್ಣಾಂಶ ಸುಮಾರು 10 ಡಿಗ್ರಿ. 33 ಡಿಗ್ರಿಯ ದಿನಕ್ಕೆ ಇನ್ನೂ ಶೇ 23. ಮೊತ್ತ 3,000 ಮೀಟರ್ ಮುಟ್ಟುತ್ತದೆ. ತಿದ್ದುಪಡಿ ಶೇ 35 ದಾಟಿದರೆ ಸೂತ್ರ ನಂಬದೆ ಆಯಾ ವಿಮಾನದ ತಯಾರಕರ ಕೋಷ್ಟಕ ಹಿಡಿದು ಪ್ರತ್ಯೇಕ ಅಧ್ಯಯನ ಮಾಡಬೇಕೆಂದೂ ನಿಯಮವಿದೆ, ಮೈಸೂರು ಆ ಗಡಿ ದಾಟುತ್ತದೆ.

ಇದರ ಅರ್ಥ 2,750 ಸಾಲದು ಎಂದಲ್ಲ. ದೆಹಲಿ, ಮುಂಬೈ ದೂರಕ್ಕೆ ಟ್ಯಾಂಕ್ ತುಂಬ ಇಂಧನ ಬೇಡ, ತೂಕ ಕಡಿಮೆ ಇರುತ್ತದೆ, ಆ ಉದ್ದ ಒದಗುತ್ತದೆ. ಕೊಲ್ಲಿ ದೇಶಗಳಿಗೆ ಏಪ್ರಿಲ್ ಮಧ್ಯಾಹ್ನ ಹೊರಡುವುದಾದರೆ ಸೀಟು ಖಾಲಿ ಬಿಡಬೇಕಾದೀತು. ಇದೇ ಸೀಮೆಯ ಪ್ರಯಾಣಿಕರನ್ನು ಸೆಳೆಯುವ ಕಣ್ಣೂರು ನಿಲ್ದಾಣ 2018ರಲ್ಲಿ ತೆರೆದಾಗಲೇ 3,050 ಮೀಟರ್ ರನ್‌ವೇ ಹೊಂದಿತ್ತು ಎನ್ನುವುದನ್ನು ನೆನಪಿಡಬೇಕು.

ಉದ್ದದ ಜೊತೆ ಬರಬೇಕಾದವು ಇನ್ನೂ ಇವೆ, ಮನವಿಗಳಲ್ಲಿ ಬಿಟ್ಟುಹೋಗುವುದು ಇವೇ. ಅಗಲ 30ರಿಂದ 45 ಮೀಟರಿಗೆ ಏರಬೇಕು. ಇಡೀ ಹಳೆಯ ಮೈಗೆ ಹೊಸ ಪದರ ಹಾಕಬೇಕು. ರನ್‌ವೇ ತುದಿಯಾಚೆ 60 ಮೀಟರ್ ಪಟ್ಟಿ (ರನ್‌ವೇ ಸುತ್ತ ತೆರವಾಗಿಡುವ ನೆಲ), ಅದರಾಚೆ 240 ಮೀಟರ್ ಸುರಕ್ಷತಾ ಜಾಗ, ಅಂದರೆ ಎರಡೂ ತುದಿಗೆ 300-300 ಮೀಟರ್ ಹೆಚ್ಚುವರಿ ನೆಲ. ಎಟಿಆರ್ 72 ಬರುವ ನಿಲ್ದಾಣಕ್ಕೆ ಅಗ್ನಿಶಾಮಕ ವರ್ಗ 5, ಒಂದು ವಾಹನ ಸಾಕು. ಎ320ಗೆ ವರ್ಗ 6, ಎರಡು ವಾಹನ, ಅದಕ್ಕೆ ತಕ್ಕ ಸಿಬ್ಬಂದಿ. ಎರಡನೆಯ ವಾಹನ ಕೆಟ್ಟು ನಿಂತ ದಿನ ವರ್ಗ ಇಳಿಯುತ್ತದೆ, ಜೆಟ್ ಬರುವುದು ಕಷ್ಟವಾಗುತ್ತದೆ.

ವಿಸ್ತರಣೆಗೆ ಅಡ್ಡ ಇರುವುದು ನಂಜನಗೂಡು ಹೆದ್ದಾರಿ ಮತ್ತು ಚಾಮರಾಜನಗರ ರೈಲು ಮಾರ್ಗ. ಕೆಳಸೇತುವೆ ಮಾಡಿ ಮೇಲೆ ರನ್‌ವೇ ಒಯ್ಯುವುದು ಒಂದು ದಾರಿ, ಹೆದ್ದಾರಿಯನ್ನೇ ಸುತ್ತುದಾರಿಯಲ್ಲಿ ತಿರುಗಿಸುವುದು ಇನ್ನೊಂದು. ನಮ್ಮ ಒಲವು ತಿರುಗಿಸುವುದರ ಕಡೆ. ಎಂಟು ಮೀಟರ್ ಕೆಳಗಿಳಿಯಲು ರಸ್ತೆಗೆ 1:30ರ ಇಳಿಜಾರಿನಲ್ಲಿ 240 ಮೀಟರ್ ಸಾಕು, ರೈಲಿಗೆ 1:100ರಲ್ಲಿ 800 ಮೀಟರ್ ಬೇಕು, ಅದೂ ಎರಡೂ ಕಡೆ. ಕೆಳಸೇತುವೆಯಲ್ಲಿ ಮಳೆ ನೀರು ನಿಲ್ಲದಂತೆ ಪಂಪು ವರ್ಷಪೂರ್ತಿ ಕೆಲಸ ಮಾಡಬೇಕು. ಅದರ ಚಾವಣಿ ವಿಮಾನದ ಭಾರ ಹೊರಬೇಕು, ರನ್‌ವೇಯಷ್ಟೇ ಅಲ್ಲ, ಅಕ್ಕಪಕ್ಕದ ಪಟ್ಟಿಯೂ ಸೇರಿ 280 ಮೀಟರ್ ಅಗಲಕ್ಕೆ.

ಈಗ ಮೊದಲ ಮಾತಿಗೆ ಬರೋಣ. 15 ನಾಟ್ ವೇಗದಲ್ಲಿ 1,740 ಮೀಟರಿನ ರನ್‌ವೇಯನ್ನು ತುದಿಯಿಂದ ತುದಿಗೆ ದಾಟಲು 226 ಸೆಕೆಂಡ್, ನಾಲ್ಕು ನಿಮಿಷದೊಳಗೆ. 2,750 ಮೀಟರಿಗೆ 357 ಸೆಕೆಂಡ್, ಹತ್ತಿರ ಹತ್ತಿರ ಆರು ನಿಮಿಷ. ಟ್ಯಾಕ್ಸಿವೇ ಇಲ್ಲದೆ ಉದ್ದ ಮಾಡಿದರೆ ಬ್ಯಾಕ್‌ಟ್ರ್ಯಾಕ್ ಅಷ್ಟೂ ಬೆಳೆಯುತ್ತದೆ. ಜೊತೆಗೆ 78 ಟನ್ನಿನ ಜೆಟ್ ತುದಿಯಲ್ಲಿ ಪೂರ್ತಿ ತಿರುಗಲು ಟರ್ನ್ ಪ್ಯಾಡ್ ಎಂಬ ಅಗಲದ ಜಾಗ ಬೇಕು. ಒಂದೇ ಜಾಗದಲ್ಲಿ ಚಕ್ರ ತಿರುಚಿ ತಿರುಚಿ ಅಲ್ಲಿನ ಡಾಂಬರು ಕಿತ್ತು ಬರುತ್ತದೆ, ಕಿತ್ತ ಕಲ್ಲು ಇಂಜಿನ್ನಿಗೆ ಅಪಾಯ. ಆದ್ದರಿಂದ ವಿಸ್ತರಣೆಯ ಯೋಜನೆಯಲ್ಲಿ ಸಮಾಂತರ ಟ್ಯಾಕ್ಸಿವೇ 'ಮುಂದಿನ ಹಂತ' ಎಂದು ಬರೆದಿದ್ದರೆ ಒಪ್ಪಬೇಡಿ. ಒಂದೇ ಹಂತದಲ್ಲಿ ಎರಡೂ ಬರಬೇಕು.

ಆಯ್ಕೆ ನಾಲ್ಕು: ಕಲ್ಲು ಮಣ್ಣು ಮುಟ್ಟದೆ ಆಗುವಂಥದ್ದು

ವೇಳಾಪಟ್ಟಿ ಮೊದಲನೆಯದು. ಬೇಸಿಗೆಯ ಪಟ್ಟಿ ಮಾರ್ಚ್ ಕೊನೆಯ ಭಾನುವಾರ, ಚಳಿಗಾಲದ್ದು ಅಕ್ಟೋಬರ್ ಕೊನೆಯ ಭಾನುವಾರ ಶುರುವಾಗುತ್ತದೆ. ಮೂರು ವಿಮಾನ 20 ನಿಮಿಷದೊಳಗೆ ಬಂದು ಆಮೇಲೆ ಮೂರು ಗಂಟೆ ಏನೂ ಇಲ್ಲದಿರುವುದಕ್ಕಿಂತ 40 ನಿಮಿಷಕ್ಕೊಂದರಂತೆ ಹಂಚಿದರೆ ಇರುವ ಟರ್ಮಿನಲ್ಲೇ ಸಾಕಾಗುತ್ತದೆ. ತೊಡಕೆಂದರೆ ಮುಂಬೈ, ಬೆಂಗಳೂರಿನ ಸ್ಲಾಟ್ (ಇಳಿಯಲು-ಏರಲು ಗೊತ್ತುಪಡಿಸಿದ ಸಮಯ) ಸಿಕ್ಕ ಹೊತ್ತಿಗೆ ಇಲ್ಲಿನ ಹೊತ್ತು ಹೊಂದಬೇಕು. ಮನವಿಯನ್ನು ವೇಳಾಪಟ್ಟಿ ಶುರುವಾಗುವ ತಿಂಗಳಲ್ಲಿ ಕೊಟ್ಟರೆ ತಡ. ಐದಾರು ತಿಂಗಳು ಮುಂಚೆ ಕೊಡಿ.

ತರಬೇತಿ ವಿಮಾನಗಳದು ಇನ್ನೊಂದು ಲೆಕ್ಕ. ಸೆಸ್ನಾ 172 ಒಂದು ಟನ್ನಿನ ಚಿಲ್ಲರೆ ತೂಕದ್ದು, ಇಳಿಯುವ ವೇಗ 65 ನಾಟ್ ಆಸುಪಾಸು. ಎಟಿಆರ್‌ನದು 110ರ ಆಸುಪಾಸು. ಎಟಿಆರ್ ಹಿಂದೆ ಬರುವ ಹಗುರ ವಿಮಾನ ಸುಳಿಗಾಳಿಯಿಂದ ತಪ್ಪಿಸಿಕೊಳ್ಳಲು 5 ನಾಟಿಕಲ್ ಮೈಲಿ ಅಂತರ ಬಿಡಬೇಕು. ಆ ಅಂತರವನ್ನು 65 ನಾಟಿನಲ್ಲಿ ದಾಟಲು ನಾಲ್ಕೂವರೆ ನಿಮಿಷ. ಪೈಲಟ್ ಶಾಲೆ ಊರಿಗೆ ಬೇಕು, ಅದನ್ನು ಓಡಿಸುವ ಮಾತಿಲ್ಲ. ಪ್ರಯಾಣಿಕ ವಿಮಾನಗಳು ಒತ್ತಾಗಿ ಬರುವ ಗಂಟೆಗಳಲ್ಲಿ ಇಳಿದು-ಏರುವ ಅಭ್ಯಾಸ ನಿಲ್ಲಿಸಿ, ದೂರದ ಹಾರಾಟಗಳನ್ನು ಆ ಹೊತ್ತಿಗೆ ಇಟ್ಟುಕೊಂಡರೆ ಇಬ್ಬರಿಗೂ ಒಳ್ಳೆಯದು.

ಮೋಡ, ಮಂಜಿನ ದಿನಗಳಲ್ಲಿ ಇಳಿಯಲಾಗದೆ ಹಿಂತಿರುಗುವ ವಿಮಾನವೂ ಸಾಮರ್ಥ್ಯ ತಿನ್ನುತ್ತದೆ. ರೇಡಿಯೊ ಸಂಕೇತದಿಂದ ಇಳಿಯುವ ದಾರಿ ತೋರಿಸಲು ನೆಲದ ಮೇಲೆ ಆಂಟೆನಾ ಸಾಲು ನಿಲ್ಲಿಸುವ ಐಎಲ್‌ಎಸ್ ಮೊದಲ ದರ್ಜೆಯದಾದರೆ ಪೈಲಟ್ 200 ಅಡಿ ಎತ್ತರದವರೆಗೆ ಬಂದು ತೀರ್ಮಾನಿಸಬಹುದು. ನಮ್ಮದೇ ಉಪಗ್ರಹ ವ್ಯವಸ್ಥೆ ಗಗನ್ ಬಳಸುವ ಇಳಿತದಲ್ಲಿ ಅದು 250 ಅಡಿ ಮಟ್ಟಕ್ಕೆ ಬರುತ್ತದೆ, ನಿಲ್ದಾಣದಲ್ಲಿ ಆಂಟೆನಾ ಬೇಕಿಲ್ಲ. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಎಟಿಆರ್ ಒಂದು ಹೀಗೆ ಇಳಿದು ತೋರಿಸಿತು. ಎಟಿಆರ್‌ಗಳೇ ಬರುವ ಮೈಸೂರಿಗೆ ಇದು ಹೇಳಿ ಮಾಡಿಸಿದ ದಾರಿ. ಆದರೆ ಇಳಿತದ ದೀಪಸಾಲು ಗಿಡ್ಡವಾಗಿದ್ದರೆ, ರನ್‌ವೇ ಪಟ್ಟಿಯ ಅಗಲ ಕಡಿಮೆಯಿದ್ದರೆ ಈ ಅಡಿಗಳ ಲಾಭ ಪೂರ್ತಿ ಸಿಗುವುದಿಲ್ಲ. ಬೇಡಿಕೆಯಲ್ಲಿ ದೀಪಸಾಲನ್ನೂ ಸೇರಿಸಿ.

ಆಯ್ಕೆ ಐದು: ಬೆಂಗಳೂರೇ ಸಾಕು, ಅಥವಾ ಹೊಸದೇ ಬೇಕು

ಮಂಡ್ಯದವರಿಗೆ ಈ ಪ್ರಶ್ನೆ ನಿಜವಾದದ್ದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೆದ್ದಾರಿ ಬೆಂಗಳೂರಿನ ಅಂಚಿನವರೆಗೆ ಬೇಗ ಮುಟ್ಟಿಸುತ್ತದೆ. ಆಮೇಲೆ ನಗರ ದಾಟಿ ದೇವನಹಳ್ಳಿ ಸೇರುವುದೇ ಅರ್ಧ ಪ್ರಯಾಸ. ಮೈಸೂರಿನಿಂದ ಅಲ್ಲಿಗೆ ಸುಮಾರು 185 ಕಿಲೋಮೀಟರ್, ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ. ಅಲ್ಲಿ ತಲಾ 4,000 ಮೀಟರಿನ ಎರಡು ರನ್‌ವೇಗಳಿವೆ; ಎರಡನೆಯದು 2019ರ ಡಿಸೆಂಬರ್‌ನಲ್ಲಿ ತೆರೆಯಿತು. ವಿದೇಶಕ್ಕೆ ಹೋಗುವವರಿಗೆ ಬಹುಕಾಲ ಇದೇ ದಾರಿ.

ಮಂಡ್ಯ ಜಿಲ್ಲೆಯಲ್ಲಿ ಹೊಸ ಅಂತರರಾಷ್ಟ್ರೀಯ ನಿಲ್ದಾಣದ ಮಾತು ಈಗ ವ್ಯರ್ಥ. ಬೆಂಗಳೂರು ನಿಲ್ದಾಣದ ಒಪ್ಪಂದದ ಪ್ರಕಾರ ಅದು ತೆರೆದ 25 ವರ್ಷಗಳವರೆಗೆ, ಅಂದರೆ 2033ರ ಮೇ ತನಕ, 150 ಕಿಲೋಮೀಟರ್ ವಾಯುದೂರದೊಳಗೆ ಬೇರೆ ಅಂತರರಾಷ್ಟ್ರೀಯ ನಿಲ್ದಾಣ ಬೆಳೆಸುವಂತಿಲ್ಲ. ಮೈಸೂರು ಮತ್ತು ಹಾಸನವನ್ನು ಹೆಸರು ಹೇಳಿಯೇ ಅದರಿಂದ ಹೊರಗಿಟ್ಟಿದ್ದಾರೆ. ಆ ವಿನಾಯಿತಿ ಮಂಡಕಳ್ಳಿಯ ಕೈಯಲ್ಲಿರುವ ದೊಡ್ಡ ಅಸ್ತ್ರ.

ಆಯ್ಕೆ ಮಾಡುವ ಕ್ರಮ

ಮುಂದಿನ ಎರಡು-ಮೂರು ವರ್ಷಕ್ಕೆ ಬೇಕಾದದ್ದು ಹೆಚ್ಚು ಎಟಿಆರ್ ಸೇವೆ ಎಂದಾದರೆ: ವೇಳಾಪಟ್ಟಿ, ಗಗನ್ ಇಳಿತ, ಟರ್ಮಿನಲ್, ಬೇ, ಈ ಕ್ರಮದಲ್ಲಿ. ಜೆಟ್ ಬೇಕೆಂದಾದರೆ ಉದ್ದ, ಅಗಲ, ಸಮಾಂತರ ಟ್ಯಾಕ್ಸಿವೇ, ಟರ್ಮಿನಲ್, ಅಗ್ನಿಶಾಮಕ ಎಲ್ಲವೂ ಒಂದೇ ಅಂದಾಜುಪಟ್ಟಿಯಲ್ಲಿ. ಒಂದನ್ನು ಬಿಟ್ಟರೂ ಉಳಿದದ್ದಕ್ಕೆ ಸುರಿದ ಹಣ ಮಲಗುತ್ತದೆ.

ಕೆಲಸ ನಡೆಯುವ ಕಾಲದ ಬಗ್ಗೆಯೂ ಮೊದಲೇ ಲಿಖಿತ ಉತ್ತರ ಪಡೆದುಕೊಳ್ಳಿ. ತುದಿಯಲ್ಲಿ ಅಗೆತ ಶುರುವಾದರೆ ಸುರಕ್ಷತಾ ಜಾಗ ಉಳಿಸಲು ಇಳಿಯುವ ಗುರುತನ್ನು ಒಳಕ್ಕೆ ಸರಿಸುತ್ತಾರೆ. 1,740 ಮೀಟರಿನಲ್ಲಿ 300 ಮೀಟರ್ ಹೋದರೆ ಉಳಿಯುವುದು 1,440. ಬಿಸಿಲಿನ ಮಧ್ಯಾಹ್ನ ತುಂಬಿದ ಎಟಿಆರ್‌ಗೆ ಅದು ಬಿಗಿಯಾಗುತ್ತದೆ, ಸಂಸ್ಥೆಗಳು ಸೀಟು ಕಡಿಮೆ ಮಾರುತ್ತವೆ ಅಥವಾ ಸೇವೆಯನ್ನೇ ನಿಲ್ಲಿಸುತ್ತವೆ. ಟ್ಯಾಕ್ಸಿವೇ ಮತ್ತು ಬೇ ಕೆಲಸ ಹಗಲಲ್ಲಿ, ಹಳೆಯ ರನ್‌ವೇ ಮೇಲಿನ ಪದರದ ಕೆಲಸ ಕೊನೆಯ ವಿಮಾನ ಹೋದ ಮೇಲೆ ರಾತ್ರಿಯಲ್ಲಿ, ಬೆಳಗಿನ ಮೊದಲ ವಿಮಾನಕ್ಕೆ ಎರಡು ಗಂಟೆ ಮುಂಚೆ ಗುಡಿಸಿ ತಪಾಸಣೆ ಮುಗಿಸುವಂತೆ ಗುತ್ತಿಗೆಯ ಷರತ್ತಿನಲ್ಲೇ ಬರೆಸಬೇಕು.